ಉಬುಂಟು ತೆಗೆಯುವ ಮೊದಲು

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರವೇ ನಮ್ಮ ಲ್ಯಾಪ್‌ಟಾಪಿನಿಂದ ಉಬುಂಟು ತೆಗೆಯಲು ಹೊರಟೆ. ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೂ ಕೇರಳದ ಉಳಿದ ಮಕ್ಕಳಂತೆ ಶಾಲೆಯಲ್ಲಿ ಕಲಿಸುವುದು ಲಿನಕ್ಸ್. ಮನೆಯಲ್ಲೂ ಅಭ್ಯಾಸವಾಗಲಿ ಎಂದು ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ವಿಂಡೋಸಿನ ಜೊತೆಗೆ ಅದನ್ನೂ ಹಾಕಿಸಿದ್ದೆ. 256 ಜಿಬಿ ಡಿಸ್ಕಿನಲ್ಲಿ 80 ಜಿಬಿ ಅದಕ್ಕೇ ಹೋಗಿತ್ತು. ಈಗ ಸಿ ಡ್ರೈವ್ ತುಂಬಿ, ಅಂಗಡಿಯ ಲೆಕ್ಕ ಬರೆಯಲೂ ಜಾಗವಿಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. 80 ಜಿಬಿಯ ತುಂಡಿಗೆ ಡ್ರೈವ್ ಅಕ್ಷರವೇ ಇಲ್ಲ. ಎದುರಿಗೆ 100% ಖಾಲಿ ಎಂದು ಬೇರೆ ತೋರಿಸುತ್ತಿತ್ತು. ಲಿನಕ್ಸಿನ ವಿಭಾಗವನ್ನು ವಿಂಡೋಸ್ ಓದಲಾರದು, ಓದಲಾಗದ್ದನ್ನು ಖಾಲಿ ಎಂದು ತೋರಿಸುತ್ತದೆ. ನಾನದನ್ನು ನಂಬಿದ್ದೆ. ಡಿಲೀಟ್ ಒತ್ತಬೇಕು ಎನ್ನುವಾಗ ಮಗಳು ಚಾ ತಂದಿಟ್ಟಳು.

"ಉಪ್ಪಾ, ಪಾಟೆಲ್ಲ ಅದರಲ್ಲೇ ಇರುವುದಲ್ಲವಾ?"

ನನ್ನ ಉಮ್ಮ ತೀರಿಕೊಳ್ಳುವ ಮುಂಚಿನ ಮಳೆಗಾಲ ಮಗಳು ಅವರ ಪಕ್ಕ ಕೂತು ಮದುವೆಮನೆಯ ಪಾಟುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಶಾಲೆಯಲ್ಲಿ ಕಲಿತ ಆಡಾಸಿಟಿಯಲ್ಲಿ ಕೆಮ್ಮು, ಕೋಳಿ ಕೂಗಿದ್ದನ್ನೆಲ್ಲ ಕತ್ತರಿಸಿ, ಕನ್ನಡ ಅಕ್ಷರದಲ್ಲಿ ಹೆಸರಿಟ್ಟಿದ್ದಳು. ಆ ಮೊಬೈಲ್ ಈಗಿಲ್ಲ. ಉಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ, ಪಾಟುಗಳು ಬಾಯಲ್ಲೇ ಇದ್ದವು.

ಉಬುಂಟು ತೆರೆದು ಎಣಿಸಿದೆವು: 23 ಫೈಲು. ಪೆನ್‌ಡ್ರೈವಿಗೆ ಹಾಕುವಾಗ ಏನೋ ಎರರ್ ಬಂತು, ನಾನು ಸ್ಕಿಪ್ ಒತ್ತಿದೆ. ಮಗಳು ಮತ್ತೆ ಎಣಿಸಿದಳು: 22. ಬಿಟ್ಟುಹೋದದ್ದರ ಹೆಸರು 'ಇದು ಯಾವ ಪಾಟು?'. ಉಮ್ಮನಿಗೆ ಎರಡನೇ ಸಾಲು ನೆನಪಾಗದೆ ಮೊದಲನೆಯದನ್ನೇ ಮೂರು ಸಲ ಹಾಡಿ ನಕ್ಕದ್ದು ಅದು. ಪ್ರಶ್ನಾರ್ಥಕ ಚಿಹ್ನೆ ಲಿನಕ್ಸಿನ ಫೈಲ್ ಹೆಸರಿನಲ್ಲಿ ನಡೆಯುತ್ತದೆ, ಎಕ್ಸ್‌ಫ್ಯಾಟ್ ಪೆನ್‌ಡ್ರೈವಿನಲ್ಲಿ ನಡೆಯುವುದಿಲ್ಲ. ಚಿಹ್ನೆ ತೆಗೆದ ಮೇಲೆ ಹೋಯಿತು. ವಿಂಡೋಸಿನಲ್ಲಿ ಒಂದೊಂದನ್ನೂ ನುಡಿಸಿ ನೋಡಿ, ಇನ್ನೊಂದು ಪ್ರತಿಯನ್ನು ತಂಗಿಯ ಮನೆಗೆ ಕಳಿಸಿದೆ.

ಇನ್ನುಳಿದದ್ದು ಸಣ್ಣ ಕೆಲಸ, ಆದರೆ ಕ್ರಮ ತಪ್ಪಬಾರದು. ತಂಗಿಯ ಮಗ ಮೊದಲು ವಿಭಾಗ ಅಳಿಸಿದ್ದ, ಮರುದಿನ ಕಪ್ಪು ಪರದೆಯಲ್ಲಿ ಗ್ರಬ್ ಎಂಬ ಅಕ್ಷರ ಬಿಟ್ಟು ಬೇರೇನೂ ಇಲ್ಲ. ಕಂಪ್ಯೂಟರ್ ಆರಂಭವಾಗುವಾಗ ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್‌ಗೆ ಬೇಕಾದ ಕಡತಗಳು ಉಬುಂಟು ವಿಭಾಗದಲ್ಲೇ ಇರುತ್ತವೆ. ಆದ್ದರಿಂದ ನಾನು ಮೊದಲು ಬಿಟ್‌ಲಾಕರ್ ಕೀಯನ್ನು ಕಾಗದದಲ್ಲಿ ಬರೆದಿಟ್ಟೆ (ಬೂಟ್ ವ್ಯವಸ್ಥೆ ಬದಲಾದರೆ ಅದು ಕೇಳಬಹುದು). ಬಯೋಸಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದೆ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ನೇರ ವಿಂಡೋಸ್ ಬಂತು. ಆಮೇಲೆ ಅಳಿಸಿದೆ. ಅಕ್ಷರವಿಲ್ಲದ ಸಣ್ಣ ವಿಭಾಗಗಳು ಇನ್ನೂ ಇದ್ದವು. ಅವು ವಿಂಡೋಸಿಗೆ ಬೇಕಾದವು, ಮುಟ್ಟಲಿಲ್ಲ. ಅಳತೆ ನೋಡಿ 80 ಜಿಬಿಯದ್ದನ್ನೇ ಹಿಡಿದೆ. ಖಾಲಿಯಾದ ಜಾಗ ಸಿ ಡ್ರೈವಿನ ಬಲಕ್ಕೆ ತಾಗಿಕೊಂಡೇ ಇದ್ದದ್ದರಿಂದ ಎಕ್ಸ್‌ಟೆಂಡ್ ಒತ್ತಿದಾಗ ಸೇರಿಕೊಂಡಿತು. ಇಎಫ್‌ಐ ವಿಭಾಗದಲ್ಲಿ ಉಬುಂಟು ಹೆಸರಿನ ಪುಟ್ಟ ಫೋಲ್ಡರ್ ಉಳಿದಿದೆ. ವಿಂಡೋಸಿನ ಬೂಟ್ ಕಡತಗಳೂ ಅಲ್ಲೇ ಇರುವಾಗ ನಾಲ್ಕು ಎಂಬಿಗೆ ಕೈಹಾಕುವುದು ಯಾಕೆ?

ಮೊನ್ನೆ ಉಪ್ಪಳದಿಂದ ಬಂದಿದ್ದ ಉಮ್ಮನ ತಂಗಿಗೆ ಆ 23ನೆಯದನ್ನು ಕೇಳಿಸಿದೆವು. ಅವರು ಕಣ್ಣುಮುಚ್ಚಿ ಕೇಳಿ, "ಎರಡನೇ ಸಾಲು ನನಗೆ ಗೊತ್ತುಂಟು" ಎಂದರು. ಮಗಳು ಮೊಬೈಲ್ ತರಲು ಒಳಗೆ ಓಡಿದಳು.