ಬೆವರುವ ಕೊಡ

ನಮ್ಮೂರು ನೆಲೋಗಿಯಲ್ಲಿ ಬೇಸಿಗೆಯೆಂದರೆ ಬೇಸಿಗೆಯೇ. ಜೇವರ್ಗಿ ತಾಲೂಕಿನ ಎರೆನೆಲ ಬಾಯಿ ಬಿಟ್ಟು ಮಲಗಿರುತ್ತದೆ. ಬಿಸಿಲು 42 ಡಿಗ್ರಿ ದಾಟಿತೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥದೊಂದು ಮಧ್ಯಾಹ್ನ, ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವ ನನ್ನ ಅಕ್ಕನ ಮಗಳು ರಜೆಗೆ ಬಂದವಳು ಇಪ್ಪತ್ತು ಹಾಳೆಗಳ ಕಟ್ಟೊಂದನ್ನು ನನ್ನ ಮುಂದಿಟ್ಟಳು.

"ಖಾಲಾ, ನೀವು ಕತೆ ಬರೆಯೋರು. ಇದನ್ನೊಂದು ಸಲ ನೋಡಿ ಕೊಡ್ರಿ."

ಅದು ಕತೆಯಲ್ಲ, ಭೌತಶಾಸ್ತ್ರದ ಕಲಿಕಾ ಮಾಡ್ಯೂಲ್. ಒಂದು ಪಾಠವನ್ನು ವಿದ್ಯಾರ್ಥಿಯೇ ಬರೆಯಬೇಕು. ಓದುವವನಿಗೆ ಮೊದಲೇ ಏನು ಗೊತ್ತಿರಬೇಕು, ಓದಿದ ಮೇಲೆ ಏನು ತಿಳಿಯಬೇಕು, ನಡುವೆ ವಿವರಣೆ, ಒಂದು ಬಿಡಿಸಿದ ಲೆಕ್ಕ, ಮನೆಯಲ್ಲೇ ಮಾಡಬಹುದಾದ ಪ್ರಯೋಗ, ಕೊನೆಗೆ ಪ್ರಶ್ನೆ ಮತ್ತು ಉತ್ತರ. ಮೇಷ್ಟ್ರಿಲ್ಲದೆಯೂ ಇನ್ನೊಬ್ಬ ವಿದ್ಯಾರ್ಥಿ ಕೂತು ಕಲಿಯುವಂತಿರಬೇಕು. ಇದಕ್ಕೆ ಅಂಕವಿದೆ, ಅಂಕ ಸೇರಿ ಕ್ರೆಡಿಟ್ ಆಗುತ್ತದೆ. ಸೆಮಿಸ್ಟರಿನುದ್ದಕ್ಕೂ ವಾರಕ್ಕೊಂದು ತಾಸು ಪಾಠ ಕೇಳಿದರೆ ಒಂದು ಕ್ರೆಡಿಟ್, ಪ್ರಯೋಗಾಲಯವಾದರೆ ಎರಡು ತಾಸಿಗೆ ಒಂದು. ಈಗ ಪದವಿಯೆಂಬುದು ಹೀಗೆ ಕ್ರೆಡಿಟ್ಟುಗಳನ್ನು ಕೂಡಿಸಿ ಕಟ್ಟುವ ಮನೆ.

ನಾನು ಓದಲು ಕುಳಿತೆ. ವಿಷಯ: ಆವಿಯಾಗುವಿಕೆ ಮತ್ತು ಗುಪ್ತೋಷ್ಣ. ಇಂಗ್ಲಿಷು ಶುದ್ಧವಾಗಿತ್ತು, ಅತಿ ಶುದ್ಧವಾಗಿತ್ತು. ಮೂರನೆಯ ಹಾಳೆಗೆ ನನಗೆ ಅನುಮಾನ ಬಂತು.

"ಇದನ್ನು ನೀನು ಬರೆದೆಯಾ?"

ಅವಳು ತಲೆ ತಗ್ಗಿಸಿದಳು. ಅರ್ಧ ಪಠ್ಯಪುಸ್ತಕದ್ದು, ಅರ್ಧ ಮೊಬೈಲಿನಲ್ಲಿ ಕೇಳಿದರೆ ನಿಮಿಷದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯದ್ದು. ಬಯ್ಯಬೇಕೆನಿಸಿತು, ಬಯ್ಯಲಾಗಲಿಲ್ಲ. ಕಾರಣ ಹೇಳುತ್ತೇನೆ.

ನಾನು ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ, ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಕಲಿತವಳು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಒಮ್ಮೆಲೇ ಇಂಗ್ಲಿಷು. ನೀರು ಕುದಿದು ಆವಿಯಾಗಲು ಒಂದು ಗ್ರಾಂಗೆ 540 ಕ್ಯಾಲೊರಿ ಎಂದು ಬಾಯಿಪಾಠ ಮಾಡಿದ್ದೆ. ಆ 540 ಎಲ್ಲಿಗೆ ಹೋಗುತ್ತದೆ, ನೀರಿನ ಬಿಸಿ ಏರದಿದ್ದರೆ ಅದು ಏನಾಯಿತು ಎಂಬ ಪ್ರಶ್ನೆ ಎದೆಯಲ್ಲೇ ಇತ್ತು. ಕೇಳಲು ಇಂಗ್ಲಿಷು ಬರುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಹಿಂದಿನ ಬೆಂಚಿನವರು ನಗುತ್ತಾರೆಂಬ ಅಂಜಿಕೆ. ಭೌತಶಾಸ್ತ್ರದಲ್ಲಿ ಫೇಲಾದೆ, ಕಲಾ ವಿಭಾಗಕ್ಕೆ ಬಂದೆ, ಕತೆ ಬರೆದೆ. ಜನ ಇದನ್ನು ಪ್ರತಿಭೆ ಎನ್ನುತ್ತಾರೆ. ನನಗೆ ಮಾತ್ರ ಒಂದು ಬಾಗಿಲು ಮುಖಕ್ಕೆ ಮುಚ್ಚಿದ ಸದ್ದು ಇನ್ನೂ ಕೇಳುತ್ತದೆ.

ಅವತ್ತು ನಮ್ಮ ಪ್ರಶ್ನೆಗೆ ದಾರಿ ತೋರಿದವಳು ನನ್ನ ಅಮ್ಮಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪಡಸಾಲೆಯ ಮೂಲೆಯ ಕೊಡದಿಂದ ನೀರು ಮೊಗೆಯುತ್ತ, "ಈ ಕೊಡ ಇನ್ನು ಬದಲಾಯಿಸಬೇಕು. ಬೆವರೋದು ನಿಲ್ಲಿಸಿದೆ. ಬೆವರದ ಕೊಡದಲ್ಲಿ ನೀರು ತಣ್ಣಗಾಗೋದಿಲ್ಲ" ಎಂದಳು.

ಹುಡುಗಿ ತಲೆ ಎತ್ತಿದಳು. "ನಾನಿ, ಇನ್ನೊಮ್ಮೆ ಹೇಳಿ."

ಮರುದಿನದಿಂದ ನಮ್ಮ ಪಡಸಾಲೆ ಪ್ರಯೋಗಾಲಯವಾಯಿತು. ಒಂದು ಹೊಸ ಕೊಡ, ಈ ಹಳೆಯ ಕೊಡ, ಒಂದು ಸ್ಟೀಲಿನ ಕೊಡ. ಮೂರಕ್ಕೂ ಹತ್ತತ್ತು ಲೀಟರು ನೀರು. ಕಿರಾಣಿ ಅಂಗಡಿಯಿಂದ ತಕ್ಕಡಿ ತಂದೆವು. ಥರ್ಮಾಮೀಟರು ಅವಳ ಬಳಿಯೇ ಇತ್ತು. ಸಂಜೆಯ ಹೊತ್ತಿಗೆ ಹೊಸ ಕೊಡದ ನೀರು ಸ್ಟೀಲಿನದಕ್ಕಿಂತ ಎಷ್ಟೋ ತಣ್ಣಗಿತ್ತು, ತೂಕದಲ್ಲೂ ಅದೇ ಹೆಚ್ಚು ಕಡಿಮೆಯಾಗಿತ್ತು. ಹಳೆಯ ಕೊಡ ಎರಡರ ನಡುವೆ. ನೀರಿನ ಲವಣ ಕಟ್ಟಿ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿದ್ದವು. ಅಮ್ಮಿಯ ಮಾತು ಸುಳ್ಳಾಗಲಿಲ್ಲ.

ಲೆಕ್ಕವನ್ನು ಹುಡುಗಿಯೇ ಹಾಕಿದಳು. ಕುದಿಯುವಾಗ ಒಂದು ಗ್ರಾಂಗೆ 540 ಕ್ಯಾಲೊರಿ ಬೇಕಾದರೆ, ನಮ್ಮ ಪಡಸಾಲೆಯ ಶಾಖದಲ್ಲಿ ಆವಿಯಾಗಲು ಸುಮಾರು 580 ಬೇಕು. ಕೊಡದ ಮೈಯಿಂದ 100 ಗ್ರಾಂ ನೀರು ಆವಿಯಾದರೆ 58,000 ಕ್ಯಾಲೊರಿ ಹೋಯಿತು. ಒಳಗಿರುವುದು ಸುಮಾರು 10,000 ಗ್ರಾಂ ನೀರು. ಒಂದು ಗ್ರಾಮನ್ನು ಒಂದು ಡಿಗ್ರಿ ಇಳಿಸಲು ಒಂದು ಕ್ಯಾಲೊರಿ ತೆಗೆದರೆ ಸಾಕು. ಹೊರಗಿನ ಶಾಖ ಒಳಬಾರದಿದ್ದರೆ ಕೊಡದ ನೀರು ಸುಮಾರು 6 ಡಿಗ್ರಿ ಇಳಿಯಬೇಕು. ಆವಿಯಾಗುವಾಗ ಚುರುಕಾದ ಕಣಗಳು ಮೊದಲು ಹಾರಿಹೋಗುತ್ತವೆ, ನಿಧಾನದವು ಉಳಿಯುತ್ತವೆ. ಉಳಿದವುಗಳ ನಿಧಾನಕ್ಕೇ ನಾವು ತಂಪು ಎನ್ನುತ್ತೇವೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಈ ಹಾರಾಟ ಕಡಿಮೆ. ಕರಾವಳಿಯ ಓದುಗರು ತಮ್ಮ ಮಣ್ಣಿನ ಕೊಡ ನಮ್ಮದರಷ್ಟು ತಣ್ಣಗಾಗದೇಕೆಂದು ಇನ್ನು ಕೇಳಬೇಕಿಲ್ಲ.

ನನ್ನ 540 ಎಲ್ಲಿ ಹೋಗಿತ್ತೆಂದು ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು. ಕಣವನ್ನು ಕಣದಿಂದ ಬಿಡಿಸಲು ಅದು ಖರ್ಚಾಗಿತ್ತು.

"ಲೇಟೆಂಟ್ ಅಂದರೇನು ಅಂತ ಯಾರೂ ಹೇಳಲಿಲ್ಲ ಖಾಲಾ" ಎಂದಳು ಹುಡುಗಿ. ನಾನು ನನ್ನ ಎರಡು ಶಾಲೆಗಳನ್ನು ನೆನಪಿಸಿಕೊಂಡೆ. ಉರ್ದುವಿನಲ್ಲಿ ಅದು ಮಖ್ಫಿ ಹರಾರತ್, ಕನ್ನಡದಲ್ಲಿ ಗುಪ್ತೋಷ್ಣ. ಎರಡರ ಅರ್ಥವೂ ಅಡಗಿದ ಶಾಖ. ಪದ ಕೈಯಲ್ಲೇ ಇತ್ತು, ಇಬ್ಬರಿಗೂ ಗೊತ್ತಿರಲಿಲ್ಲ.

ಈ ಪದಗಳು ಸುಮ್ಮನೆ ಹುಟ್ಟಿದವಲ್ಲ. ನಮ್ಮ ಸೀಮೆ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿತ್ತು. ಅಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, ಬೋಧನೆ ಉರ್ದುವಿನಲ್ಲಿ. ಅದಕ್ಕಾಗಿ ಒಂದು ವರ್ಷ ಮೊದಲೇ ದಾರುತ್ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿ, ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತಂದರು. ಅದೇ 1918ರಲ್ಲಿ ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರತಂದರು. ಅದು ಎರಡು ವರ್ಷ ನಡೆಯಿತು. ನನ್ನ ಎರಡೂ ಭಾಷೆಗಳು ಒಂದೇ ವರ್ಷ ಒಂದೇ ಕೆಲಸಕ್ಕೆ ಕೈಹಾಕಿದ್ದವು! ಮುಂದೆ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ಹೋಯಿತು. ನಮ್ಮ ನೆಲೋಗಿಯಲ್ಲಿ ಹುಟ್ಟಿ 2004ರಲ್ಲಿ ಮುಖ್ಯಮಂತ್ರಿಯಾದ ಧರಂ ಸಿಂಗ್ ಅವರು ಓದಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಕನ್ನಡದ ಕೆಲಸ ನಿಲ್ಲಲಿಲ್ಲ. 1978ರಲ್ಲಿ ಆರಂಭವಾದ 'ಬಾಲವಿಜ್ಞಾನ' ಎಷ್ಟೋ ಹಳ್ಳಿಯ ಮಕ್ಕಳ ಕೈಸೇರಿತು. ಆದರೆ ಕಾಲೇಜಿನ ತರಗತಿಯ ಹೊಸ್ತಿಲಲ್ಲಿ ನಮ್ಮ ಮಕ್ಕಳು ಇಂದಿಗೂ ಎಡವುತ್ತಾರೆ.

ಎಡವುವ ಕಲ್ಲು ಎಲ್ಲಿದೆಯೆಂದು ಚೆನ್ನಾಗಿ ಬಲ್ಲವರು ಯಾರು? ನಿನ್ನೆ ಎಡವಿದವರು. ಅಮೆರಿಕದ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಿಂದ ತರಗತಿಯಲ್ಲಿ ವಿದ್ಯಾರ್ಥಿಗಳೇ ಪರಸ್ಪರ ಚರ್ಚಿಸಿ ಕಲಿಯುವ ಕ್ರಮ ತಂದರು. ಪ್ರಾಧ್ಯಾಪಕರಿಗೆ ಆ ವಿಷಯ ತಿಳಿದು ಎಷ್ಟೋ ವರ್ಷವಾಗಿರುತ್ತದೆ, ತಿಳಿಯದಿದ್ದಾಗ ಹೇಗಿತ್ತೆಂಬುದು ಮರೆತಿರುತ್ತದೆ. ಈಗಷ್ಟೇ ತಿಳಿದ ಗೆಳತಿ ಅದನ್ನು ಮರೆತಿರುವುದಿಲ್ಲ. ವಿದ್ಯಾರ್ಥಿಯಿಂದ ಪಾಠ ಬರೆಸುವುದರ ಬೆಲೆ ಇಲ್ಲಿದೆ. ನಕಲು ಮಾಡಿದ ಇಪ್ಪತ್ತು ಹಾಳೆಯಲ್ಲಿ ಎಡವಿದ ಗುರುತೇ ಇರುವುದಿಲ್ಲ.

ಹುಡುಗಿ ಹಳೆಯ ಕಟ್ಟನ್ನು ಬದಿಗಿಟ್ಟು ಹೊಸದಾಗಿ ಬರೆದಳು. ಒಂಬತ್ತೇ ಹಾಳೆ. "ಕನ್ನಡದಲ್ಲಿ ಬರಿ" ಎಂದೆ. ಮೇಷ್ಟ್ರ ಅಡ್ಡಿ ಇರಲಿಲ್ಲ, ಅಡ್ಡಿ ಅವಳ ಮನಸ್ಸಿನದ್ದೇ. "ಇಂಗ್ಲಿಷ್ ಬರಲ್ಲ ಅಂದ್ಕೊಳ್ತಾರೆ" ಎಂದಳು. ಇಪ್ಪತ್ತೈದು ವರ್ಷ ಹಿಂದಿನ ನನ್ನ ಅಂಜಿಕೆಯೇ ಎದುರು ಕೂತು ಮಾತಾಡಿದಂತಾಯಿತು. ಒತ್ತಾಯಿಸಲಿಲ್ಲ. ಅವಳು ತನ್ನ ಸರಳ ಇಂಗ್ಲಿಷಿನಲ್ಲೇ ಬರೆದು, ಪ್ರತಿ ಹಾಳೆಯ ಅಂಚಿನಲ್ಲಿ ಮುಖ್ಯ ಪದಗಳನ್ನು ಕನ್ನಡ ಮತ್ತು ಉರ್ದುವಿನಲ್ಲಿ ಕೊಟ್ಟಳು. ಪ್ರಯೋಗದ ಭಾಗದಲ್ಲಿ ಅಜ್ಜಿಯ ಮಾತನ್ನು ಹಾಗೇ ಬರೆದಳು.

ಅಂಕ ಚೆನ್ನಾಗಿಯೇ ಬಂತು. ಆದರೆ ಹಾಳೆಗಳು ವಾಪಸು ಬರಲಿಲ್ಲ. ಎಲ್ಲವನ್ನೂ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದಾರಂತೆ, ಕೆಲವು ವರ್ಷದ ಮೇಲೆ ರದ್ದಿಗೆ. ನನಗೆ ನೋವಾದದ್ದು ಇಲ್ಲಿ. ಇನ್ನೊಬ್ಬರು ಓದಿ ಕಲಿಯಲೆಂದು ಬರೆಸಿದ್ದನ್ನು ಅಂಕ ಹಾಕುವವರೊಬ್ಬರೇ ಓದಿದರೆ ಅದು ಮಾಡ್ಯೂಲ್ ಹೇಗಾದೀತು? ಅದು ವಿಳಾಸ ಬರೆದೂ ಅಂಚೆಗೆ ಹಾಕದ ಕಾಗದ. ಪ್ರತಿ ವರ್ಷ ಒಳ್ಳೆಯ ಹತ್ತು ಮಾಡ್ಯೂಲ್ ಆರಿಸಿ, ತಪ್ಪು ತಿದ್ದಿ, ಕಾಲೇಜಿನ ಗ್ರಂಥಾಲಯದಲ್ಲಿ ಇಡುವುದಕ್ಕೆ ಎಷ್ಟು ಖರ್ಚಾದೀತು? ಕನ್ನಡದಲ್ಲೋ ಉರ್ದುವಿನಲ್ಲೋ ಬರೆದವರಿಗೆ ಒಂದು ಅಂಕವೂ ಕಡಿಮೆಯಾಗದೆಂದು ನೋಟಿಸು ಬೋರ್ಡಿನಲ್ಲಿ ಹಾಕಲು ಏನು ಕಷ್ಟ?

ಅದೃಷ್ಟಕ್ಕೆ ಹುಡುಗಿ ಒಂದು ಜೆರಾಕ್ಸ್ ಪ್ರತಿ ಇಟ್ಟುಕೊಂಡಿದ್ದಳು. ಈ ವರ್ಷ ಪಿಯುಸಿ ವಿಜ್ಞಾನಕ್ಕೆ ಸೇರಿದ ಪಕ್ಕದ ಮನೆಯ ಹುಡುಗಿ ಅದನ್ನು ಒಯ್ದಿದ್ದಾಳೆ. ಮೊನ್ನೆ ಬಾಗಿಲಲ್ಲಿ ನಿಂತು ಕೇಳಿದಳು:

"ಆಂಟಿ, ಕೊಡದ ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ತಣ್ಣಗಾಗಬೇಕಲ್ಲ?"

"ಸುತ್ತಿ ನೋಡು, ತೂಕ ಮಾಡೋದು ಮರೀಬೇಡ" ಎಂದೆ.