ಬರೆದಿಟ್ಟ ಗಣಕಯಂತ್ರ

ಕಚೇರಿಯಲ್ಲಿ ಹಳೆಯ ಗುಮಾಸ್ತರೊಬ್ಬರು ನಿವೃತ್ತರಾದರೆ ಕುರ್ಚಿಯಷ್ಟೇ ಖಾಲಿಯಾಗುವುದಿಲ್ಲ. ಯಾವ ಕಡತ ಯಾವ ಕಪಾಟಿನಲ್ಲಿದೆ ಎಂಬ ತಿಳಿವಳಿಕೆಯೂ ಅವರೊಂದಿಗೆ ಮನೆಗೆ ಹೋಗುತ್ತದೆ. ನಮ್ಮ ಮನೆಯ ಲ್ಯಾಪ್‌ಟಾಪಿನ ಕಥೆಯೂ ಹೀಗೇ ಆಯಿತು. ದಿಲ್ಲಿಯಲ್ಲಿ ನಮ್ಮೊಡನಿದ್ದು ಓದಿದ ಸೋದರಳಿಯ ಅದರಲ್ಲಿ ಲಿನಕ್ಸ್ ಹಾಕಿ, ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಕೈಯಾರೆ ಕೂರಿಸಿ, ಕೆಲಸ ಸಿಕ್ಕಿ ಪುಣೆಗೆ ಹೋದ. ಆಮೇಲೊಮ್ಮೆ ಕರ್ನಲ್ ಬದಲಾಯಿತು. ಡ್ರೈವರ್ ಅದಕ್ಕೆ ಹೊಂದಲಿಲ್ಲ. ಫೋನ್ ಮಾಡಿದರೆ, "ಮಾವ, ಆಗ ಏನೇನು ಆಜ್ಞೆ ಕೊಟ್ಟೆನೋ ನನಗೇ ನೆನಪಿಲ್ಲ" ಎಂದ. ಬ್ಲೆಂಡರ್‌ನಲ್ಲಿ ಆನಿಮೇಷನ್ ಕಲಿಯುತ್ತಿರುವ ಮಗಳು ಕೋರ್ಸಿನ ಕೆಲಸ ಒಪ್ಪಿಸಲು ಉಳಿದಿದ್ದುದು ಎರಡೇ ವಾರ. ಹೊಸ ಯಂತ್ರ ಕೊಳ್ಳುವುದು ನಮ್ಮ ಸಂಬಳದಲ್ಲಿ ಆಡುವ ಮಾತಲ್ಲ.

ಆಗ ಹಾಕಿದ್ದು ನಿಕ್ಸ್‌ಓಎಸ್. ಇದರ ಮೂಲವಾದ ನಿಕ್ಸ್ 2003ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಈಲ್ಕೋ ಡಾಲ್‌ಸ್ಟ್ರಾ ಅವರ ಸಂಶೋಧನೆಯಾಗಿ ಆರಂಭವಾಯಿತು. ಯಂತ್ರಕ್ಕೆ ಒಂದೊಂದೇ ಆಜ್ಞೆ ಕೊಡುವ ಬದಲು, ಅದು ಹೇಗಿರಬೇಕೆಂದು ಒಂದು ಕಡತದಲ್ಲಿ ಬರೆಯುತ್ತೇವೆ; ಅದನ್ನೋದಿ ವ್ಯವಸ್ಥೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಕರ್ನಲ್ ಬದಲಾದರೆ ಡ್ರೈವರೂ ಅದಕ್ಕೆ ತಕ್ಕಂತೆ ಸಿದ್ಧವಾಗುತ್ತದೆ. ಒಂದು ಅರ್ಧವಿರಾಮ ಬಿಟ್ಟುಹೋದರೂ ಕಡತ ವಾಪಸು, ಥೇಟು ಲೆಕ್ಕಪತ್ರ ಶಾಖೆಯವರ ಹಾಗೆ!

ಎನ್ವಿಡಿಯಾ ಡ್ರೈವರ್ ಬೇಕೆಂದು ಒಂದು ಸಾಲು. ಅದು ಪೂರ್ತಿ ಮುಕ್ತ ತಂತ್ರಾಂಶವಲ್ಲವಾದ್ದರಿಂದ, ಅಂಥದ್ದಕ್ಕೂ ಒಪ್ಪಿಗೆಯಿದೆ ಎಂದು ಇನ್ನೊಂದು ಸಾಲು, ಮೇಲಧಿಕಾರಿಗಳ ರುಜುವಿನಂತೆ. ಅದರ ಕರ್ನಲ್ ಭಾಗದ ಮುಕ್ತ ರೂಪವನ್ನು ಟ್ಯೂರಿಂಗ್ ಪೀಳಿಗೆಯಿಂದ ಈಚಿನ ಕಾರ್ಡುಗಳಿಗೆ ಬಳಸಬಹುದು. ನಮ್ಮ ಜಿಟಿಎಕ್ಸ್ 1650 ಆ ಪೀಳಿಗೆಯದೇ.

ಸ್ವಾರಸ್ಯವಿದ್ದುದು ವಿಳಾಸದಲ್ಲಿ. ಲ್ಯಾಪ್‌ಟಾಪಿನಲ್ಲಿ ಚಿಪ್ಪು ಎರಡು: ದಿನನಿತ್ಯದ ಪರದೆಗೆ ಇಂಟೆಲ್, ಭಾರದ ಕೆಲಸಕ್ಕೆ ಎನ್ವಿಡಿಯಾ. ಎರಡೂ ಯಂತ್ರದೊಳಗೆ ಎಲ್ಲಿ ಕೂತಿವೆಯೆಂದು ಕಡತದಲ್ಲಿ ನಮೂದಿಸಬೇಕು. ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಆ ವಿಳಾಸವನ್ನು ಹದಿನಾರರ ಮೂಲದ ಅಂಕಿಗಳಲ್ಲಿ ತೋರಿಸುತ್ತದೆ. ಕಡತಕ್ಕೆ ಬೇಕಾದದ್ದು ದಶಮಾಂಶ ಪದ್ಧತಿಯ ಅಂಕಿ. ಅಲ್ಲಿ '0ಇ' ಎಂದಿದ್ದರೆ ಇಲ್ಲಿ 14 ಎನ್ನಬೇಕು. ನಮ್ಮದು '01', ಎರಡರಲ್ಲೂ ಒಂದೇ. ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟು ವರ್ಷಗಳ ಮೇಲೆ ಒಂದು ಉಪಯೋಗ ಒದಗುವುದರಲ್ಲಿತ್ತು, ಅದೂ ತಪ್ಪಿತು!

"ಅಪ್ಪ, ಪರದೆ ಕಪ್ಪಾಗಿಬಿಟ್ಟರೆ?" ಮಗಳ ಪ್ರಶ್ನೆ ನ್ಯಾಯವಾದದ್ದೇ. ಯಂತ್ರ ಏಳುವಾಗ ಬರುವ ಪಟ್ಟಿಯನ್ನು ತೋರಿಸಿದೆ. ನಾವಾಗಿ ತೆಗೆದುಹಾಕುವವರೆಗೂ ಹಿಂದಿನ ವ್ಯವಸ್ಥೆಗಳು ಅದರಲ್ಲಿ ಸಾಲಾಗಿ ಇರುತ್ತವೆ. ಹೊಸದು ಕೈಕೊಟ್ಟರೆ ನಿನ್ನೆಯದನ್ನು ಆರಿಸಿಕೊಂಡರಾಯಿತು. ಆಮೇಲೆ ಕಡತವನ್ನು ಅವಳೇ ತಿದ್ದತೊಡಗಿದಳು. ಬ್ಲೆಂಡರ್ ಎನ್ವಿಡಿಯಾದ ಮೇಲೆ ಓಡಿತು. ಕೆಲಸ ಮೂರು ದಿನ ಮೊದಲೇ ಮುಗಿಯಿತು.

ಕಳೆದ ವಾರ ಪುಣೆಯಿಂದ ಅಳಿಯನ ಫೋನು: "ಮಾವ, ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ, ಆ ಕಡತ ಕಳಿಸ್ತೀರಾ?" ಕಳಿಸಿದೆವು. ಚಿಪ್ಪುಗಳ ವಿಳಾಸ ಮಾತ್ರ ಅವನದೇ ಬರೆದುಕೊಳ್ಳಬೇಕೆಂದು ಮಗಳು ಕೆಳಗೊಂದು ಟಿಪ್ಪಣಿ ಹಾಕಿದ್ದಾಳೆ.