ಒಂದೇ ಕೋಟಿನ ಚಿತ್ರಗಳು

ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರ, ಅಷ್ಟೇ. ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಡಬ್ಬಿಯಲ್ಲಿ ಹೆಚ್ಚಿನ ತಾಪತ್ರಯವಿರಲಿಲ್ಲ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಬೆನ್ನಿಗೆ ಪುಟ್ಟದೊಂದು ಕೆಂಪು ಕಿಟಕಿ. ಒಂದು ಚಿತ್ರ ತೆಗೆದಾದ ಮೇಲೆ ಆ ಕಿಟಕಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಗುಂಡಿ ತಿರುವಬೇಕು. 11 ಕಂಡಿತೆಂದರೆ ಮಾವನಿಗೆ ಜಿಪುಣತನ ಅಮರಿಕೊಳ್ಳುತ್ತಿತ್ತು. "ಇನ್ನೆರಡೇ ಐತಿ. ಮಾತಾಡಬ್ಯಾಡ್ರಿ, ಕಣ್ಣು ಬಿಟ್ಕಂಡು ನಡೀರಿ" ಎನ್ನುತ್ತಿದ್ದ.

ಮಾವ ಎಂದರೆ ಅಮ್ಮನ ತಮ್ಮ. ಅಪ್ಪ, ಮಾವ ಇಬ್ಬರೂ ದಾವಣಗೆರೆಯ ಒಂದೇ ಹತ್ತಿ ಮಿಲ್ಲಿನಲ್ಲಿದ್ದರು. ಅಪ್ಪ ರಿಂಗ್ ಫ್ರೇಮು, ಮಾವ ವೈಂಡಿಂಗು. ಎಂಬತ್ತರ ದಶಕದ ಮೊದಲರ್ಧ ಅದು. ನಮ್ಮೂರು ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಹೆಗಲ ಮೇಲೇ ಇತ್ತು, ಮಿಲ್ಲುಗಳು ಮಾತ್ರ ಒಂದೊಂದಾಗಿ ಉಬ್ಬಸ ಪಡುತ್ತಿದ್ದವು. ಒಂದು ಬೆಳಿಗ್ಗೆ ನಮ್ಮ ಮಿಲ್ಲು ಕೂಗಲಿಲ್ಲ. ಕೂಗಿಗೆ ಏಳುವುದು, ಕೂಗಿಗೆ ಎಸರಿಡುವುದು, ಕೂಗಿಗೆ ಬುತ್ತಿ ಕಟ್ಟುವುದು ರೂಢಿಯಾಗಿದ್ದ ಓಣಿಯ ಹೆಂಗಸರು ಅವತ್ತು ಬಾಗಿಲಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೇಟಿಗೊಂದು ನೋಟಿಸು ಅಂಟಿಸಿದ್ದರು. ಬಾಕಿ ಸಂಬಳ, ಪಿಎಫ್, ಗ್ರಾಚ್ಯುಟಿ ಎಂದು ಗಂಡಸರು ಅಲೆದದ್ದು ಬೇರೆಯದೇ ದೊಡ್ಡ ಕತೆ. ಅದನ್ನು ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮಾವ ಮಂಡಿಪೇಟೆ ಹತ್ತಿರದ ಒಂದು ಸ್ಟುಡಿಯೋಗೆ ಸೇರಿಕೊಂಡ. ಡಾರ್ಕ್‌ರೂಮಿನ ಕೆಲಸ, ಮಾಲೀಕರು ಇಲ್ಲದಾಗ ಕ್ಯಾಮೆರಾದ್ದೂ. ಕಾಲೇಜು ಬಿಟ್ಟ ಮೇಲೆ ನಾನು, ಮಾವನ ಮಗಳು, ಎದುರು ಮನೆಯ ಹುಡುಗ ಮೂವರೂ ಅಲ್ಲೇ. ಪ್ರಿಂಟು ತೊಳೆಯುವುದು, ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುವುದು, ಅಂಚು ಕತ್ತರಿಸುವುದು ನಮ್ಮ ಪಾಲು. ಪ್ರತಿಫಲವಾಗಿ ನಮ್ಮ ರೋಲು ತೊಳೆಯಲು ಮಾಲೀಕರು ಉಳಿದ ಡೆವಲಪರ್ ಬಿಟ್ಟುಕೊಡುತ್ತಿದ್ದರು. ಬಳಸಿದ ಹೈಪೋ ಮಾತ್ರ ಮುಟ್ಟುವ ಹಾಗಿರಲಿಲ್ಲ. ಅದರಲ್ಲಿ ಬೆಳ್ಳಿ ಇರುತ್ತದೆ, ಕ್ಯಾನುಗಟ್ಟಲೆ ಕೊಂಡು ಬೆಳ್ಳಿ ತೆಗೆಯುವವರು ಬರುತ್ತಿದ್ದರು.

ಮಿಲ್ಲು ನಿಂತಿದ್ದರಿಂದ ಊರಲ್ಲಿ ವ್ಯಾಪಾರ ಏರಿದ್ದು ಯಾವುದಾದರೂ ಇದ್ದರೆ ಅದು ಫೋಟೋ ಸ್ಟುಡಿಯೋ! ಎಲ್ಲಿ ಅರ್ಜಿ ಹಾಕಬೇಕಾದರೂ ಪಾಸ್‌ಪೋರ್ಟ್ ಸೈಜು ಬೇಕಲ್ಲ. ಸ್ಟುಡಿಯೋದಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಗೂಟಕ್ಕೆ ನೇತುಹಾಕಿದ ಒಂದು ಕೋಟು. ಕಂದು ಬಣ್ಣದ್ದು, ಎಡ ತೋಳಿನ ಬಳಿ ಹೊಲಿಗೆ ಬಿಟ್ಟಿತ್ತು. ಸಣಕಲರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕಿ ಬಿಗಿ ಮಾಡುವುದು, ದಪ್ಪಗಿದ್ದವರಿಗೆ ಗುಂಡಿ ಹಾಕದೆ ಬಿಡುವುದು. ಕೆಳಗೆ ಪಂಚೆಯಿದ್ದರೂ ಚಿಂತೆಯಿಲ್ಲ. ಬ್ಲೋ ರೂಮಿನವರು, ಕಾರ್ಡಿಂಗಿನವರು, ಡಬ್ಲಿಂಗಿನವರು, ಯಾರೇ ಬಂದರೂ ಅದೇ ಕೋಟು. ಎದುರಿನ ಸ್ಟೂಲಿನ ಮೇಲೆ ಕೂತು, ಉಸಿರು ಬಿಗಿಹಿಡಿದು, ಪೊಲೀಸರ ಮುಂದೆ ನಿಂತವರ ಹಾಗೆ ಲೆನ್ಸನ್ನೇ ದಿಟ್ಟಿಸುತ್ತಿದ್ದರು.

ಮಾವ ಮಾಡುತ್ತಿದ್ದ ಕಿತಾಪತಿ ಇಲ್ಲೇ. ಅರ್ಜಿಯ ಚಿತ್ರ ಆಯಿತು ಅಂದ ಮೇಲೆ ಆಸಾಮಿ ಕೋಟು ಬಿಚ್ಚಲು ಏಳುತ್ತಾನಲ್ಲ, ಆ ತೋಳಿನ ಹರಕಿನೊಳಗೆ ಕೈ ಸಿಕ್ಕಿಕೊಳ್ಳುತ್ತಿತ್ತು. ಹೊರಗೆ ಸರದಿಯಲ್ಲಿ ಕೂತವರು ಏನಾದರೂ ಅನ್ನುತ್ತಿದ್ದರು, ಅವನು ನಕ್ಕುಬಿಡುತ್ತಿದ್ದ. ತನ್ನ ಕ್ಲಿಕ್ ಥ್ರೀ ಹಿಡಿದು ಕಾಯುತ್ತಿದ್ದ ಮಾವ ಆಗ ಒತ್ತುತ್ತಿದ್ದ. ಎಲ್ಲರದ್ದೂ ಅಲ್ಲ, 12ರೊಳಗೆ ಹೊಂದಬೇಕು. ಬಾಗಿಲ ಬೆಳಕಷ್ಟೇ ಇರುತ್ತಿದ್ದರಿಂದ ಅರ್ಧಕ್ಕರ್ಧ ಅಲುಗಾಡಿ ಹೋಗುತ್ತಿದ್ದವು. ಸಿಕ್ಕವನ್ನು ಪುಟ್ಟದಾಗಿ ಪ್ರಿಂಟು ಹಾಕಿ ಅರ್ಜಿಯ ಲಕೋಟೆಯೊಳಗೇ ಇಟ್ಟು ಕೊಡುತ್ತಿದ್ದ. "ನಾಕು ಆಫೀಸಿಗೆ, ಇದೊಂದು ಮನಿಗೆ." ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಮಿಲ್ಲು ಮುಚ್ಚಿದ ವರ್ಷ ನಗುವ ಫೋಟೋ ಯಾಕೆ ಎಂದು ಮಾಲೀಕರು ರೇಗಿದ್ದೂ ಉಂಟು.

ಡಾರ್ಕ್‌ರೂಮಿನ ಬಾಗಿಲ ಒಳಮೈಗೆ ಮಾವ ಹಳೆಯ ಇಲಸ್ಟ್ರೇಟೆಡ್ ವೀಕ್ಲಿಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿದ್ದ. ಮೈಸೂರಿನ ಟಿ. ಎಸ್. ಸತ್ಯನ್ ತೆಗೆದವು. 1977ರಲ್ಲಿ ಪದ್ಮಶ್ರೀ ಬಂದ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಚಿತ್ರ ತೆಗೆಯಲು ಹಳ್ಳಿ ಸುತ್ತಿದ ಸತ್ಯನ್. ಬಡವರನ್ನು ಅವರಷ್ಟು ತೆಗೆದವರು ಕಡಿಮೆ, ಆದರೆ ಅವರ ಚಿತ್ರದೊಳಗೆ ಅಯ್ಯೋ ಪಾಪ ಅನ್ನಿಸಿಕೊಳ್ಳಲು ನಿಂತವರು ಇಲ್ಲ. ಎಲ್ಲರೂ ತಮ್ಮ ಪಾಡಿಗೆ ಏನೋ ಮಾಡುತ್ತಿರುತ್ತಾರೆ. ಮಾವನಿಗೆ ಅದು ಹಿಡಿಸಿತ್ತು. ನನಗೆ ಅರ್ಥವಾದದ್ದು ಬಹಳ ತಡವಾಗಿ, ಸತ್ಯನ್ನರ 'ಕಾಲಕ್ಕೆ ಕನ್ನಡಿ' ಓದಿದ ಮೇಲೆ.

ಆ ಕೋಣೆಯ ಕಷ್ಟ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಲೀಟರು ನೀರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5, ಸಲ್ಫೈಟ್ 100, ಬೋರಾಕ್ಸ್ 2. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುತ್ತಿದ್ದೆವು. ಆ ಡೆವಲಪರ್ 20 ಡಿಗ್ರಿಯಲ್ಲಿರಬೇಕು. ದಾವಣಗೆರೆಯ ಏಪ್ರಿಲ್‌ನಲ್ಲಿ ನಲ್ಲಿ ನೀರೇ ಕಾದು ಬರುತ್ತದೆ. ಎದುರು ಮನೆ ಹುಡುಗ ಐಸ್ ಕ್ಯಾಂಡಿ ಫ್ಯಾಕ್ಟರಿಗೆ ಸೈಕಲ್ ತುಳಿದು, ಗೋಣಿಚೀಲದಲ್ಲಿ ಸುತ್ತಿದ ಮಂಜುಗಡ್ಡೆ ತರುತ್ತಿದ್ದ. ಬರುವಷ್ಟರಲ್ಲಿ ಕಾಲುಭಾಗ ರಸ್ತೆಗೆ, ಒಂದು ಚೂರು ಅವನ ಬಾಯಿಗೆ.

ಕರೆಂಟಿನದು ಇನ್ನೊಂದು ರಗಳೆ. ಆಗ ರಾಜ್ಯದ ದೀಪಗಳೆಲ್ಲ ಹೆಚ್ಚು ಕಡಿಮೆ ಶರಾವತಿಯ ನೀರಿನ ಮೇಲೇ ಉರಿಯುತ್ತಿದ್ದವು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಬಂದದ್ದು 1985ರಲ್ಲಿ. ಮಲೆನಾಡಿನಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿ ಇಳಿದರೆ ನಮ್ಮ ಎನ್‌ಲಾರ್ಜರ್ ಕಣ್ಣು ಮುಚ್ಚುತ್ತಿತ್ತು. ಹೋಗಲಿ ಎಂದು ಮಾವ ನೆಗೆಟಿವನ್ನು ನೇರ ಕಾಗದದ ಮೇಲಿಟ್ಟು, ಗಾಜು ಒತ್ತಿ, ಬ್ಯಾಟರಿಯ ಬೆಳಕು ಹಾಯಿಸಿ ಪ್ರಿಂಟು ತೆಗೆಯುತ್ತಿದ್ದ. ಹಾಗಾಗಿ ಮನೆಗೆಂದು ಕೊಟ್ಟ ಚಿತ್ರಗಳೆಲ್ಲ ನೆಗೆಟಿವಿನಷ್ಟೇ ಅಗಲ, ಎರಡೂಕಾಲು ಇಂಚು. ಕೆಂಪು ದೀಪವೂ ಆರಿದ ಕತ್ತಲಲ್ಲಿ ಟ್ರೇ ಅಲುಗಾಡಿಸುತ್ತ ಒಂದರಿಂದ ಅರವತ್ತರವರೆಗೆ ಗಟ್ಟಿಯಾಗಿ ಎಣಿಸುವ ಕೆಲಸ ಮಾವನ ಮಗಳದು. ನಡುವೆ ನಗು ಬಂದರೆ ಲೆಕ್ಕ ತಪ್ಪಿ ಪ್ರಿಂಟು ಕಪ್ಪಾಗುತ್ತಿತ್ತು, ಮಾವನ ಕೈಯ ಮೊಟಕು ಕತ್ತಲಲ್ಲಿ ಯಾರಿಗೆ ಬೀಳುತ್ತದೋ ಹೇಳುವಂತಿರಲಿಲ್ಲ.

ನಮ್ಮ ಸ್ವಂತ ರೋಲು ಯಾವುದಕ್ಕೆ ಖರ್ಚಾಗಬೇಕು ಎಂಬುದಕ್ಕೂ ಮಾವನ ಕಾನೂನಿತ್ತು. ಓಣಿಯೆಲ್ಲ ಉದ್ರಿಯ ಮೇಲೆ ನಡೆಯುತ್ತಿದ್ದ ಕಾಲ. ಕಿರಾಣಿ ಅಂಗಡಿಯವರು, ಹಾಲಿನ ಅಜ್ಜಿ, ಜ್ವರದ ಗುಳಿಗೆಗೆ ದುಡ್ಡು ಕೇಳದ ಕಾಂಪೌಂಡರು. "ದುಡ್ಡು ಯಾವಾಗ ಮುಟ್ಟುಸ್ತೀವೋ ಆ ದುರ್ಗಮ್ಮಗೇ ಗೊತ್ತು. ಫೋಟೋನಾದ್ರೂ ಕೊಡಾಣ" ಎಂದು ಪಟ್ಟಿ ಮಾಡಿಸಿದ. ಮೊದಲು ಕಿರಾಣಿ ಅಂಗಡಿ. ಅವರ ತಲೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು, ಕೆಳಗೆ ಅವರೇ ತಲೆತಗ್ಗಿಸಿ ನಮ್ಮ ಓಣಿಯ ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಎರಡೂ ಒಂದೇ ಚೌಕಟ್ಟಿನಲ್ಲಿ! ಚಿತ್ರ ನೋಡಿ ಅವರು ಮೊದಲು ಸಿಟ್ಟಾದರು, ಆಮೇಲೆ ಅದನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡರು.

ಮಂಡಕ್ಕಿ ಭಟ್ಟಿಗೆ ಹೋದದ್ದೂ ಹೀಗೇ ಒಂದು ಉದ್ರಿಯ ನೆಪದಿಂದ. ಬೆಳಗಿನ ಜಾವ, ಕಾದ ಮರಳಿಗೆ ಅಕ್ಕಿ ಸುರಿದೊಡನೆ ಚಟಪಟ ಎಂದು ಬಾಣಲಿ ತುಂಬ ಬೆಳ್ಳಗೆ ಅರಳಿಕೊಳ್ಳುವುದು, ಜರಡಿಯಾಡಿಸುವ ಕೈಗಳು. ತಗಡಿನ ಮಾಡಿನ ತೂತುಗಳಿಂದ ಇಳಿದ ಬಿಸಿಲು ಹೊಗೆಯೊಳಗೆ ಕೋಲುಕೋಲಾಗಿ ನಿಂತಿತ್ತು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಆ ಹೊಗೆಗೆ ಕಾರಣ ಒಲೆಗೆ ತುರುಕುತ್ತಿದ್ದ ಹಳೆಯ ಟೈರು, ಅದನ್ನು ದಿನವಿಡೀ ಕುಡಿಯುತ್ತಿದ್ದವರು ಅಲ್ಲಿಯ ಹೆಂಗಸರು ಮಕ್ಕಳು. ಹೊಗೆಯಿಲ್ಲದಿದ್ದರೆ ಆ ಚಿತ್ರವೂ ಇಲ್ಲ. ಇದನ್ನು ಇವತ್ತಿಗೂ ನನ್ನೊಳಗೆ ಸರಿ ಹೊಂದಿಸಿಕೊಳ್ಳಲು ಆಗಿಲ್ಲ. ಮಾವ ಮಾತ್ರ ಬಿಸಿಲು ಕೋಲಿಗೆ ಬೆನ್ನು ಹಾಕಿ, ಜರಡಿ ಇಳಿಸಿ ಚಹಾ ಕುಡಿಯುತ್ತ ಕೂತಿದ್ದ ಮಂಡಕ್ಕಿಯಾಕೆಯ ಚಿತ್ರ ತೆಗೆದ. ಬಿಸಿಲಿನದು ಎದುರು ಮನೆ ಹುಡುಗ ತೆಗೆದ.

ಅಪ್ಪ ಯಾವ ಫೋಟೋಕ್ಕೂ ಒಪ್ಪಲಿಲ್ಲ. ಕೋಟು ಹಾಕಿಸಿ ಅರ್ಜಿಗೊಂದು ತೆಗೆದದ್ದುಂಟು, ನಗಿಸಲು ಯಾರಿಂದಲೂ ಆಗಲಿಲ್ಲ. ಆಷಾಢದ ಒಂದು ಮಧ್ಯಾಹ್ನ ನಮ್ಮ ಗಾಳಿಪಟದ ದಾರ ಹರಿದಾಗ ತಾನಾಗಿ ಜಗುಲಿಯಿಂದಿಳಿದು ಬಂದ. ಎರಡು ತುದಿ ಹಿಡಿದು ಹೆಬ್ಬೆರಳು ತೋರುಬೆರಳಲ್ಲಿ ಒಂದು ಹೊಸೆತ, ಗಂಟಿಲ್ಲದೆ ದಾರ ಕೂಡಿಕೊಂಡಿತು. ರಿಂಗ್ ಫ್ರೇಮಿನಲ್ಲಿ ಹರಿದ ಎಳೆ ಹಾಗೆ ಸೇರಿಸಿ ಸೇರಿಸಿ ಆ ಬೆರಳುಗಳಿಗೆ ಅದು ಉಸಿರಾಡಿದಷ್ಟೇ ಸಲೀಸು. ಮಾವ ದೂರದಿಂದಲೇ ಒತ್ತಿದ. ಕ್ಲಿಕ್ ಥ್ರೀ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯುತ್ತಿರಲಿಲ್ಲ. ಪ್ರಿಂಟಿನಲ್ಲಿ ಅಪ್ಪ ಬೆರಳು ಕೂಡಿಸಿ ಏನನ್ನೋ ಹಿಡಿದು ನಿಂತಿದ್ದಾನೆ. "ದಾರನೇ ಕಾಣ್ತಿಲ್ಲಲ್ಲೋ" ಎಂದ, ತಿರುಗಿಸಿ ತಿರುಗಿಸಿ ನೋಡಿ. ಆದರೆ ಹಿಂದಕ್ಕೆ ಕೊಡಲಿಲ್ಲ.

ಮಿಲ್ಲಿನ ಜಾಗದಲ್ಲೀಗ ಸೈಟುಗಳಾಗಿವೆ. ನಾವು ಕೊಳ್ಳುತ್ತಿದ್ದ 'ಇಂದು' ಫಿಲ್ಮ್ ತಯಾರಿಸುತ್ತಿದ್ದ ಊಟಿಯ ಕಾರ್ಖಾನೆಯೂ ಇಲ್ಲ. ಮಾವ ಹೋಗಿ ಬಹಳ ವರ್ಷವಾಯಿತು. ಅವನ ನೆಗೆಟಿವುಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಕೆಲವು ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಮಾವನ ಮಗಳು ಬಿಡಿಸಿ ಸ್ಕ್ಯಾನ್ ಮಾಡಿ ಮೊಬೈಲಿಗೆ ಹಾಕಿಕೊಟ್ಟಳು. ಹೋದ ಸಲ ಊರಿಗೆ ಹೋದಾಗ ಹಳೆಯ ಮಿಲ್ಲಿನವರು ಬೆಣ್ಣೆದೋಸೆ ಹೋಟೆಲಿನಲ್ಲಿ ಸಿಕ್ಕರು, ತೋರಿಸಿದೆ. ಕೋಟಿನಿಂದ ಕೈ ಬಿಡಿಸಿಕೊಳ್ಳಲಾಗದೆ ನಗುತ್ತಿದ್ದ ಒಬ್ಬನ ಹೆಸರು ಯಾರಿಗೂ ನೆನಪಾಗಲಿಲ್ಲ. ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಇವನು ಬ್ಲೋ ರೂಮಿನಾತ ಕಣೋ, ನನ್ನ ಶಿಫ್ಟು."

"ಬ್ಲೋ ರೂಮಿನಾತ ಹಿಂಗ್ ನಕ್ಕಿದ್ದು ನೋಡೀಯೇನು? ಕಾರ್ಡಿಂಗು, ಬರಕಾ."

ದೋಸೆ ಆರುತ್ತಿತ್ತು. ಮೊಬೈಲು ಇನ್ನೊಂದು ಟೇಬಲ್ಲಿಗೆ ಹೋಯಿತು, ಅಲ್ಲಿಯವರು ಡಬ್ಲಿಂಗು ಎಂದರು.